ಆವಿಗೂ ಹೊಗೆಗೂ ಒಂದೇ ಕಾನೂನು ಸರಿಯಾ?

ಇಂಗ್ಲೆಂಡಿನ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 2023ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಒಂದು ಯೋಜನೆ ಪ್ರಕಟಿಸಿತು. ಸಿಗರೇಟ್ ಬಿಡಲು ಮನಸ್ಸು ಮಾಡುವ 10 ಲಕ್ಷ ಜನರಿಗೆ ಇ-ಸಿಗರೇಟ್ ಕಿಟ್ ಪುಕ್ಕಟೆ ಕೊಡುತ್ತೇವೆ ಅಂತ. 2024ರ ನವೆಂಬರ್‌ನಲ್ಲಿ ಅದೇ ದೇಶದ ಸಂಸತ್ತಿಗೆ ತಂಬಾಕು ಮತ್ತು ವೇಪ್ (ಅಂದರೆ ಇ-ಸಿಗರೇಟ್) ಮಸೂದೆ ಬಂತು. ಯಾವ ಯಾವ ಸಾರ್ವಜನಿಕ ಜಾಗದಲ್ಲಿ ಇ-ಸಿಗರೇಟ್ ಸೇದಬಾರದು ಎಂದು ನಿಯಮ ಮಾಡುವ ಅಧಿಕಾರ ಅದರಲ್ಲಿತ್ತು. ನಡುವೆ ಆಳುವ ಪಕ್ಷ ಬದಲಾಗಿತ್ತು, ನಿಜ. ಆದರೂ ಓದುವವರಿಗೆ ಉಳಿಯುವ ಪ್ರಶ್ನೆ ಒಂದೇ: ಇದು ಔಷಧಿಯಾ, ಪಿಡುಗಾ?

ಅಮೆರಿಕದಲ್ಲಿ ಈ ಗೊಂದಲ ಇನ್ನೂ ಹಳೆಯದು. ಅಲ್ಲಿ ದೊಡ್ಡ ದೊಡ್ಡ ನಗರ ಪಾಲಿಕೆಗಳು ಹತ್ತು ವರ್ಷಕ್ಕೂ ಹಿಂದೆಯೇ ಇ-ಸಿಗರೇಟನ್ನು ಸಿಗರೇಟಿನ ಪಟ್ಟಿಗೇ ಸೇರಿಸಿ, ಹೋಟೆಲು, ಬಾರು, ಕಚೇರಿಗಳಿಂದ ಹೊರಗೆ ಹಾಕಿದವು. ಇದನ್ನು ವಿರೋಧಿಸಿದವರು ಬರೀ ವ್ಯಾಪಾರಿಗಳಲ್ಲ. ಧೂಮಪಾನ ಬಿಡಿಸುವುದನ್ನೇ ಕೆಲಸ ಮಾಡಿಕೊಂಡಿದ್ದ ಕೆಲವು ವೈದ್ಯರೂ ಸಂಶೋಧಕರೂ ಬೇಡ ಅಂದರು. ಸಿಗರೇಟಿನ ವಿರುದ್ಧ ಜೀವಮಾನ ಹೋರಾಡಿದವರು ಇಲ್ಲಿ ಯಾಕೆ ಎದುರು ನಿಂತರು? ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಮೊದಲೇ ಒಂದು ಮಾತು. ಭಾರತದಲ್ಲಿ 2019ರ ಕಾಯ್ದೆ ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವನ್ನೂ ನಿಷೇಧಿಸಿದೆ. ಇಲ್ಲಿರುವ ಚರ್ಚೆ ಮಾರಾಟ ಕಾನೂನುಬದ್ಧವಾಗಿರುವ ದೇಶಗಳದ್ದು. ಅಲ್ಲಿ ಕೊಳ್ಳಬಹುದು, ಆದರೆ ಎಲ್ಲಿ ಸೇದಬಹುದು ಅನ್ನುವುದೇ ಜಗಳ.

ಸಾಧನದ ಒಳಗೆ ನಡೆಯುವುದೇನು

ಇ-ಸಿಗರೇಟ್ ಬಿಚ್ಚಿ ನೋಡಿದರೆ ನಾಲ್ಕೇ ಸಾಮಾನು. ಒಂದು ಬ್ಯಾಟರಿ. ದ್ರವ ತುಂಬುವ ಒಂದು ಪುಟ್ಟ ತೊಟ್ಟಿ. ಅದರಲ್ಲಿ ಅದ್ದಿಕೊಂಡಿರುವ ಹತ್ತಿಯ ಬತ್ತಿ. ಬತ್ತಿಗೆ ಸುತ್ತಿದ ಲೋಹದ ತಂತಿಯ ಸುರುಳಿ. ಬಾಯಿಗಿಟ್ಟು ಎಳೆದಾಗ ಸುರುಳಿ ಬಿಸಿಯಾಗುತ್ತದೆ, ಬತ್ತಿಯಲ್ಲಿರುವ ದ್ರವ ಆವಿಯಾಗುತ್ತದೆ, ತಣ್ಣಗಾಗುತ್ತಲೇ ಸಣ್ಣ ಹನಿಗಳ ಮೋಡವಾಗುತ್ತದೆ. ದ್ರವದಲ್ಲಿ ಇರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ ರಾಸಾಯನಿಕಗಳು, ಹೆಚ್ಚಿನವುಗಳಲ್ಲಿ ನಿಕೋಟಿನ್.

ಸಿಗರೇಟಿನಲ್ಲಿ ನಡೆಯುವುದು ಬೇರೆ. ಅಲ್ಲಿ ಎಲೆ ಸುಡುತ್ತದೆ. ದಮ್ಮು ಎಳೆಯುವಾಗ ತುದಿಯ ಕೆಂಡದ ಬಿಸಿ ಸುಮಾರು 900 ಡಿಗ್ರಿ ಸೆಲ್ಸಿಯಸ್. ಸುಟ್ಟಾಗ ಹುಟ್ಟುವುದು ಟಾರ್, ಕಾರ್ಬನ್ ಮಾನಾಕ್ಸೈಡ್ ಮತ್ತು ಸಾವಿರಾರು ಬೇರೆ ವಸ್ತುಗಳು. ಅವುಗಳಲ್ಲಿ 70ರಷ್ಟು ಕ್ಯಾನ್ಸರ್ ತರುವಂಥವು. ಜನ ಸೇದುವುದು ನಿಕೋಟಿನ್‌ಗಾಗಿ, ಸಾಯುವುದು ಹೆಚ್ಚಾಗಿ ಈ ಸುಟ್ಟ ವಸ್ತುಗಳಿಂದ.

ಪಕ್ಕದಲ್ಲಿ ಕೂತವರಿಗೆ ಇನ್ನೊಂದು ವ್ಯತ್ಯಾಸ ಮುಖ್ಯ. ಬೆರಳ ನಡುವೆ ಸುಮ್ನೆ ಹಿಡಿದ ಸಿಗರೇಟ್ ಕೂಡ ಉರಿಯುತ್ತಲೇ ಇರುತ್ತದೆ. ಅದರ ತುದಿಯಿಂದ ಏಳುವ ಹೊಗೆ ಯಾರ ಶ್ವಾಸಕೋಶಕ್ಕೂ ಹೋಗದೆ ನೇರ ಕೋಣೆಗೆ ಸೇರುತ್ತದೆ. ಪಕ್ಕದವರು ಉಸಿರಾಡುವ ಸಿಗರೇಟ್ ಹೊಗೆಯಲ್ಲಿ ದೊಡ್ಡ ಪಾಲು ಇದರದ್ದೇ. ಇ-ಸಿಗರೇಟ್ ಕೈಯಲ್ಲಿ ಇದ್ದಾಗ ಏನನ್ನೂ ಬಿಡುವುದಿಲ್ಲ. ಸೇದಿದವರು ಹೊರಗೆ ಊದಿದ್ದಷ್ಟೇ ಗಾಳಿಗೆ ಬರುತ್ತದೆ.

ಹಾಗಂತ ಅದು ಬರೀ ನೀರಾವಿ ಅಲ್ಲ. ಹಾಗೆ ಹೇಳುವ ಮಾರಾಟಗಾರರು ಸುಳ್ಳು ಹೇಳುತ್ತಿದ್ದಾರೆ.

ಪಾಲಿಕೆಗಳು ಮುಂದೆ ಬಿದ್ದದ್ದು ಯಾಕೆ

ಈಗಿನ ರೂಪದ ಇ-ಸಿಗರೇಟನ್ನು 2003ರಲ್ಲಿ ತಯಾರಿಸಿದ್ದು ಚೀನಾದ ಔಷಧ ತಜ್ಞ ಹಾನ್ ಲಿಕ್. ಕೆಲವೇ ವರ್ಷಗಳಲ್ಲಿ ಅದು ಅಮೆರಿಕದ ಅಂಗಡಿಗಳಿಗೆ ಬಂತು. ಆದರೆ ಅದನ್ನು ಯಾವ ಕಾನೂನಿನಡಿ ಇಡಬೇಕು ಅನ್ನುವುದು ಯಾರಿಗೂ ತಿಳಿಯಲಿಲ್ಲ. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಇದನ್ನು ಔಷಧ ಸಾಧನ ಎಂದು ತಡೆಯಲು ಹೋಯಿತು. 2010ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ರೋಗ ಗುಣಪಡಿಸುತ್ತದೆ ಎಂದು ಹೇಳಿ ಮಾರದಿದ್ದರೆ ಇದು ತಂಬಾಕು ಉತ್ಪನ್ನ, ಹಾಗೆಯೇ ನಿಯಂತ್ರಿಸಿ ಅಂದಿತು. ಆ ಸಂಸ್ಥೆ ಅಂಥ ನಿಯಮ ತಂದದ್ದು 2016ರಲ್ಲಿ.

ಮಧ್ಯದ ಆ ಐದೂವರೆ ವರ್ಷ ಕೇಂದ್ರದ ಕಡೆಯಿಂದ ಹೆಚ್ಚುಕಡಿಮೆ ಏನೂ ಇರಲಿಲ್ಲ. ಮಾರುಕಟ್ಟೆ ಬೆಳೆಯುತ್ತಿತ್ತು, ದೂರುಗಳು ಬರುತ್ತಿದ್ದವು. ಪಾಲಿಕೆಗಳ ಕೈಯಲ್ಲಿ ಆಗಲೇ ಒಂದು ತಯಾರಾದ ಕಾನೂನು ಇತ್ತು, ಸಾರ್ವಜನಿಕ ಧೂಮಪಾನ ನಿಷೇಧ. ಅದರಲ್ಲಿ ಧೂಮಪಾನ ಅನ್ನುವ ಪದದ ಅರ್ಥವನ್ನು ಹಿಗ್ಗಿಸಿದರೆ ಸಾಕು, ಕೆಲಸ ಮುಗಿಯಿತು. ಹೊಸ ಕಾನೂನು ಬರೆಯುವ ಕಷ್ಟ ಇಲ್ಲ.

ನ್ಯೂಜೆರ್ಸಿ ರಾಜ್ಯ 2010ರಲ್ಲೇ ಈ ದಾರಿ ಹಿಡಿದಿತ್ತು. ನ್ಯೂಯಾರ್ಕ್ ನಗರ ಪಾಲಿಕೆ 2013ರ ಡಿಸೆಂಬರ್ 19ರಂದು 43 ಮತಕ್ಕೆ 8ರಂತೆ ನಿರ್ಬಂಧಕ್ಕೆ ಒಪ್ಪಿಗೆ ಕೊಟ್ಟಿತು. ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಅಧಿಕಾರ ಬಿಡುವ ಮುನ್ನ ಸಹಿ ಹಾಕಿದರು. ಮುಂದಿನ ತಿಂಗಳು ಶಿಕಾಗೋ, 2014ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್. ನೋಡನೋಡುತ್ತಿದ್ದಂತೆ ಅಮೆರಿಕದ ಮೂರು ಅತಿ ದೊಡ್ಡ ನಗರಗಳಲ್ಲಿ ಒಂದೇ ಥರದ ನಿಯಮ ಬಂದುಬಿಟ್ಟಿತ್ತು.

ಈ ಅವಸರದ ಪರಿಣಾಮ ಇವತ್ತಿಗೂ ಇದೆ. ಪಕ್ಕದವರಿಗೆ ಎಷ್ಟು ಹಾನಿ ಅನ್ನುವ ಲೆಕ್ಕ ಸಿಗುವ ಮೊದಲೇ ನಿಯಮ ಬಂತು. ಲೆಕ್ಕ ಆಮೇಲೆ ಬಂದಾಗ ನಿಯಮವನ್ನು ಮತ್ತೆ ತೆರೆದು ನೋಡುವ ಉತ್ಸಾಹ ಯಾರಿಗೂ ಇರಲಿಲ್ಲ.

ನೋಡಲು ಒಂದೇ ಥರ ಇದ್ದರೆ ಸಾಕಾ?

ನ್ಯೂಯಾರ್ಕ್ ಕೊಟ್ಟ ಕಾರಣಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ಇ-ಸಿಗರೇಟ್ ಸೇದುವುದು ನೋಡಲು ಸಿಗರೇಟ್ ಸೇದಿದ ಹಾಗೇ ಕಾಣುತ್ತದೆ. ಹಾಗಾಗಿ ಜನರಿಗೆ ಗೊಂದಲವಾಗುತ್ತದೆ, ಧೂಮಪಾನ ನಿಷೇಧವನ್ನು ಜಾರಿ ಮಾಡುವುದು ಕಷ್ಟವಾಗುತ್ತದೆ, ಕಷ್ಟಪಟ್ಟು ಕಡಿಮೆ ಮಾಡಿದ ಚಟ ಮತ್ತೆ ಮಾಮೂಲಿ ಅನ್ನಿಸತೊಡಗುತ್ತದೆ. ಈ ಕೊನೆಯ ಮಾತನ್ನು ತೀರಾ ತಳ್ಳಿಹಾಕುವಂತಿಲ್ಲ. ಸಿಗರೇಟ್ ಸೇದುವುದು ಸಹಜವಲ್ಲ ಎಂಬ ಭಾವನೆ ಹುಟ್ಟಿಸಲು ಆ ನಗರಗಳು ದಶಕಗಳನ್ನೇ ಕಳೆದಿದ್ದವು.

ಆದರೆ ಇಲ್ಲೇ ವಿರೋಧಿಗಳ ಅತಿ ಗಟ್ಟಿ ವಾದ ಶುರುವಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಅಲ್ವಾ? ಸಾರ್ವಜನಿಕ ಧೂಮಪಾನ ನಿಷೇಧ ನಿಂತಿರುವುದು ಸಿಗರೇಟ್ ಹೇಗೆ ಕಾಣುತ್ತದೆ ಎಂಬುದರ ಮೇಲಲ್ಲ. ಅದು ಪಕ್ಕದವರನ್ನು ಕೊಲ್ಲುತ್ತದೆ ಎಂಬ ಪುರಾವೆಯ ಮೇಲೆ.

ಆ ಪುರಾವೆ ಸುಲಭವಾಗಿ ಬಂದದ್ದಲ್ಲ. 1981ರಲ್ಲಿ ಜಪಾನಿನ ತಕೇಶಿ ಹಿರಾಯಾಮಾ, ಸಿಗರೇಟ್ ಸೇದುವ ಗಂಡಂದಿರ ಜೊತೆ ಬದುಕಿದ, ತಾವು ಸೇದದ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜಾಸ್ತಿ ಎಂದು ತೋರಿಸಿದರು. 1986ರಲ್ಲಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿಯ ವರದಿ ಇದೇ ಮಾತನ್ನು ಅಧಿಕೃತವಾಗಿ ಹೇಳಿತು. ಆಮೇಲೆ ವಾದದ ನಡುವೆ ಬಂದು ನಿಂತವರು ಬಾರುಗಳಲ್ಲಿ ಕೆಲಸ ಮಾಡುವವರು. ಗಿರಾಕಿ ಒಂದು ಗಂಟೆ ಕೂತು ಎದ್ದು ಹೋಗುತ್ತಾನೆ. ಬಡಿಸುವವರು ಎಂಟು ಗಂಟೆ ಅದೇ ಹೊಗೆಯಲ್ಲಿ ನಿಲ್ಲಬೇಕು, ಅದೂ ಹೊಟ್ಟೆಪಾಡಿಗೆ. 2004ರ ಮಾರ್ಚ್‌ನಲ್ಲಿ ಐರ್ಲೆಂಡ್ ಕೆಲಸದ ಜಾಗಗಳಲ್ಲೆಲ್ಲ ಧೂಮಪಾನ ನಿಲ್ಲಿಸಿದ್ದು ಇವರನ್ನು ಉಳಿಸಲಿಕ್ಕೆ. ಸ್ಕಾಟ್ಲೆಂಡ್ 2006ರಲ್ಲಿ, ಇಂಗ್ಲೆಂಡ್ 2007ರಲ್ಲಿ ಅದೇ ಹಾದಿ ಹಿಡಿದವು. ಪ್ರಪಂಚದಲ್ಲಿ ವರ್ಷಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಬೇರೆಯವರ ಹೊಗೆಯಿಂದ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಅಂದರೆ ವಯಸ್ಕನೊಬ್ಬನ ಅಭ್ಯಾಸದ ಮೇಲೆ ಕಾನೂನು ಕೈ ಹಾಕಲು ಇದ್ದ ಕಾರಣ ಒಂದೇ: ಇನ್ನೊಬ್ಬರಿಗೆ ಆಗುವ ಹಾನಿ. ಆ ಕಾರಣ ಗಟ್ಟಿಯಾಗಿ ಇದ್ದದ್ದರಿಂದಲೇ ಸಿಗರೇಟ್ ಸೇದುವವರೂ ಕ್ರಮೇಣ ಒಪ್ಪಿದರು, ಎದ್ದು ಹೊರಗೆ ಹೋದರು. ಅದರ ಜಾಗದಲ್ಲಿ ಹೊಗೆಯ ಹಾಗೆ ಕಾಣುತ್ತದೆ ಎಂಬ ಕಾರಣ ತಂದು ಕೂರಿಸಿದರೆ ಕಾನೂನಿನ ಬುಡವೇ ಸಡಿಲವಾಗುತ್ತದೆ.

ಪಕ್ಕದವರ ಉಸಿರಿಗೆ ಸೇರುವುದೆಷ್ಟು

ಹಾಗಾದರೆ ಆವಿಯಿಂದ ಪಕ್ಕದವರಿಗೆ ಹಾನಿ ಇದೆಯಾ? ಇಲ್ಲಿ ಎರಡೂ ಕಡೆಯವರು ತಮಗೆ ಬೇಕಾದ ಅರ್ಧವನ್ನು ಮಾತ್ರ ಹೇಳುತ್ತಾರೆ.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2018ರ ಜನವರಿಯಲ್ಲಿ ಒಂದು ದೊಡ್ಡ ವರದಿ ಕೊಟ್ಟವು. ಒಳಾಂಗಣದಲ್ಲಿ ಇ-ಸಿಗರೇಟ್ ಸೇದಿದರೆ ಗಾಳಿಯಲ್ಲಿ ಸೂಕ್ಷ್ಮ ಕಣಗಳೂ ನಿಕೋಟಿನ್ನೂ ಹೆಚ್ಚುತ್ತವೆ, ಅದಕ್ಕೆ ನಿರ್ಣಾಯಕ ಪುರಾವೆ ಇದೆ ಅಂದವು. ನಿರ್ಬಂಧದ ಪರ ಇರುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಪಕ್ಕದವರಿಗೆ ತಾಗುವ ನಿಕೋಟಿನ್ ಮತ್ತು ಕಣಗಳು ಸಿಗರೇಟಿಗಿಂತ ಇ-ಸಿಗರೇಟಿನಿಂದ ಕಡಿಮೆ ಅಂತ. ವಿರೋಧಿಗಳು ಓದುವುದು ಇದನ್ನು ಮಾತ್ರ.

ಇನ್ನೂ ಹತ್ತಿರದಿಂದ ನೋಡಬೇಕೆಂದರೆ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. 3ರಿಂದ 11 ವರ್ಷದ 1,777 ಅಮೆರಿಕನ್ ಮಕ್ಕಳ ರಕ್ತ ಪರೀಕ್ಷೆಯ ಲೆಕ್ಕ ಅದು. ದೇಹಕ್ಕೆ ನಿಕೋಟಿನ್ ಸೇರಿದರೆ ರಕ್ತದಲ್ಲಿ ಕೊಟಿನಿನ್ ಎಂಬ ಗುರುತು ಉಳಿಯುತ್ತದೆ. ಒಳಗೆ ಸಿಗರೇಟ್ ಹೊಗೆಗೆ ಸಿಕ್ಕ ಮಕ್ಕಳಲ್ಲಿ ಅದರ ಸರಾಸರಿ ಪ್ರಮಾಣ ಒಂದು ಮಿಲಿಲೀಟರ್‌ಗೆ 0.494 ನ್ಯಾನೋಗ್ರಾಂ. ಇ-ಸಿಗರೇಟ್ ಆವಿಗೆ ಮಾತ್ರ ಸಿಕ್ಕವರಲ್ಲಿ 0.081. ಎರಡೂ ಇಲ್ಲದ ಮಕ್ಕಳಲ್ಲಿ 0.016.

ಈ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿ. ಮೊದಲನೆಯದರಿಂದ ಎರಡನೆಯದಕ್ಕೆ ನೂರಕ್ಕೆ 84ರಷ್ಟು ಇಳಿತ. ತುಂಬಾ ದೊಡ್ಡ ವ್ಯತ್ಯಾಸ. ಅದೂ ನಿಕೋಟಿನ್ ಲೆಕ್ಕ ಮಾತ್ರ. ಸುಡುವುದರಿಂದ ಹುಟ್ಟುವ ಟಾರ್, ಕಾರ್ಬನ್ ಮಾನಾಕ್ಸೈಡ್‌ಗಳ ಮಾತೇ ಇಲ್ಲಿಲ್ಲ. ಆದರೆ ಎರಡನೆಯದು ಮೂರನೆಯದರ ಐದು ಪಟ್ಟು. ಶೂನ್ಯ ಅಲ್ಲ.

ಹಾಗಾಗಿ ವಿರೋಧದ ವಾದಕ್ಕೆ ಎಲ್ಲ ಜಾಗದಲ್ಲೂ ಒಂದೇ ಬಲ ಇಲ್ಲ. ಬಯಲಿನಲ್ಲಿ ಅದು ಅತಿ ಗಟ್ಟಿ. ಉದ್ಯಾನ, ಕಡಲತೀರ, ಬೀದಿ ಬದಿಗಳಲ್ಲಿ ಊದಿದ ಹನಿಗಳು ಬೇಗ ಆರಿಹೋಗುತ್ತವೆ, ಗಾಳಿಯಲ್ಲಿ ಚದುರುತ್ತವೆ. ಅಲ್ಲಿ ನಿಂತು ಪಕ್ಕದವರ ಆರೋಗ್ಯದ ಹೆಸರಿನಲ್ಲಿ ದಂಡ ಹಾಕಲು ಪುರಾವೆ ಸಾಲದು. ಮುಚ್ಚಿದ ಕೋಣೆಯಲ್ಲಿ ವಾದ ತೆಳ್ಳಗಾಗುತ್ತದೆ. ಆಸ್ತಮಾ ಇರುವವರಿಗೆ ಈ ಆವಿ ಕಿರಿಕಿರಿ ಮಾಡಬಹುದು, ಕೆಮ್ಮು ಬರಿಸಬಹುದು. ಗರ್ಭಿಣಿಯರು, ಹಸುಗೂಸುಗಳು ಇರುವ ಕಡೆ ಎಚ್ಚರ ಬೇಕೇ ಬೇಕು. ಬಸ್ಸು, ರೈಲು, ವಿಮಾನದಲ್ಲಿ ಎದ್ದು ದೂರ ಹೋಗಲು ಆಗುವುದೂ ಇಲ್ಲ. ಅಮೆರಿಕ 2016ರಲ್ಲಿ ವಿಮಾನದಲ್ಲಿ ಇದನ್ನು ಸ್ಪಷ್ಟವಾಗಿ ನಿಷೇಧಿಸಿತು. ಅದನ್ನು ತಪ್ಪು ಅನ್ನಲು ಬರುವುದಿಲ್ಲ.

ಹೊರಗೆ ಕಳಿಸಿದವರು ಹೋಗಿ ನಿಲ್ಲುವುದು ಎಲ್ಲಿ

ನಿಯಮ ಬರೆಯುವವರ ಕಣ್ಣಿಗೆ ಸಾಮಾನ್ಯವಾಗಿ ಬೀಳದ ಒಂದು ಜಾಗ ಇದೆ. ಕಚೇರಿಯ ಹಿಂದಿನ ಧೂಮಪಾನದ ಶೆಡ್.

ಸಿಗರೇಟ್ ಬಿಟ್ಟು ಆರು ವಾರ ಆಗಿರುವವರೊಬ್ಬರನ್ನು ಊಹಿಸಿಕೊಳ್ಳಿ. ಇಪ್ಪತ್ತು ವರ್ಷದ ಚಟ. ಈಗ ಇ-ಸಿಗರೇಟ್ ಹಿಡಿದು ಹೇಗೋ ದಿನ ದೂಡುತ್ತಿದ್ದಾರೆ. ಎರಡೂ ಒಂದೇ ಎಂದು ನಿಯಮ ಹೇಳಿದೆ, ಹಾಗಾಗಿ ಮಾಲೀಕರೂ ಅಲ್ಲೇ ಬೋರ್ಡ್ ತೋರಿಸುತ್ತಾರೆ. ವಿರಾಮದ ಹೊತ್ತಿಗೆ ಇವರು ಹೋಗಿ ನಿಲ್ಲುವುದು ಹಳೆಯ ಗೆಳೆಯರ ನಡುವೆ. ಅದೇ ವಾಸನೆ, ಅದೇ ಲೈಟರಿನ ಸದ್ದು. ಯಾರೋ ಪ್ಯಾಕ್ ಮುಂದೆ ಚಾಚುತ್ತಾರೆ. ದಿನಕ್ಕೆ ನಾಲ್ಕು ಸಲ, ವಾರಕ್ಕೆ ಐದು ದಿನ ಬೇಡ ಅನ್ನುತ್ತಲೇ ಇರಬೇಕು. ಇವರು ಬಿಟ್ಟಿದ್ದ ಹೊಗೆಯನ್ನೇ ಈಗ ಪಕ್ಕದವರಾಗಿ ಉಸಿರಾಡುತ್ತಿದ್ದಾರೆ ಅನ್ನುವುದು ಬೇರೆ.

ಇದಕ್ಕೆ ದೇಹದ ಲೆಕ್ಕವೂ ಸೇರುತ್ತದೆ. ಸಿಗರೇಟ್ ನಿಕೋಟಿನ್ನನ್ನು ಕೆಲವೇ ನಿಮಿಷದಲ್ಲಿ ರಕ್ತಕ್ಕೆ ಏರಿಸುತ್ತದೆ. ಐದು ನಿಮಿಷ ಹೊರಗೆ ಹೋಗಿ ಬಂದರೆ ಒಂದೆರಡು ಗಂಟೆ ಆಸೆ ಅಡಗುತ್ತದೆ. ಬಹಳಷ್ಟು ಇ-ಸಿಗರೇಟುಗಳು ಅಷ್ಟು ವೇಗವಾಗಿ ಏರಿಸುವುದಿಲ್ಲ. ಹಾಗಾಗಿ ಸೇದುವವರು ಆಗಾಗ ಒಂದೆರಡು ಸಲ ಎಳೆಯುತ್ತಾರೆ. ಎರಡಕ್ಕೂ ಒಂದೇ ಜಾಗ, ಒಂದೇ ಹೊತ್ತು ಅಂತ ನಿಯಮ ಮಾಡಿದರೆ ಅನುಕೂಲ ಆಗುವುದು ಯಾವುದಕ್ಕೆ? ಸಿಗರೇಟಿಗೆ. ಹೇಗೂ ಹೊರಗೇ ಹೋಗಬೇಕು, ಮತ್ತೆ ಇದ್ಯಾಕೆ ಎಂಬ ಯೋಚನೆ ಬರುವುದು ಸಹಜ.

ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2016ರಲ್ಲಿ ಮಾಲೀಕರಿಗೆ ಕೊಟ್ಟ ಮಾರ್ಗಸೂಚಿ ಈ ವಿಷಯವನ್ನು ನೇರವಾಗಿ ಎತ್ತಿಕೊಂಡಿತು. ಇ-ಸಿಗರೇಟ್ ಬಳಸುವವರನ್ನು ಸಿಗರೇಟ್ ಸೇದುವವರ ಜಾಗಕ್ಕೆ ಕಳಿಸಬೇಡಿ ಅಂದಿತು.

ಇ-ಸಿಗರೇಟ್ ಹಿಡಿದವರು ನಿಜಕ್ಕೂ ಸಿಗರೇಟ್ ಬಿಡುತ್ತಾರಾ ಎಂಬ ಅನುಮಾನಕ್ಕೂ ಉತ್ತರ ಇದೆ. ಬ್ರಿಟನ್ನಿನ 886 ಜನರ ಮೇಲೆ ನಡೆದ ಒಂದು ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಇ-ಸಿಗರೇಟ್ ಪಡೆದವರಲ್ಲಿ ಶೇಕಡಾ 18 ಮಂದಿ ಒಂದು ವರ್ಷದ ಕೊನೆಗೂ ಸಿಗರೇಟ್ ಮುಟ್ಟಿರಲಿಲ್ಲ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್‌ನಂಥವನ್ನು ಪಡೆದವರಲ್ಲಿ ಅದು ಶೇಕಡಾ 9.9. ವೈದ್ಯಕೀಯ ಪುರಾವೆಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ ವಿಮರ್ಶೆ 2022ರಲ್ಲಿ ಎಲ್ಲ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿ, ಇ-ಸಿಗರೇಟ್ ಹೆಚ್ಚು ಸಹಾಯ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ ಎಂದಿತು. ಹಾಗಿದ್ದೂ ನೂರಕ್ಕೆ 80ಕ್ಕಿಂತ ಜಾಸ್ತಿ ಮಂದಿ ಸೋಲುತ್ತಾರೆ ಅನ್ನುವುದನ್ನು ಮರೆಯಬಾರದು. ಅಷ್ಟು ಕಷ್ಟದ ಕೆಲಸ ಅದು. ಅಂಥವರನ್ನು ಶೆಡ್ಡಿಗೆ ತಳ್ಳುವುದು ಕ್ರೌರ್ಯ ಅಂತಲೇ ಹೇಳಬೇಕು.

ನಿಯಮದಿಂದಲೇ ಸಿಗರೇಟ್ ಹೆಚ್ಚಾಗುತ್ತದಾ? ಅಮೆರಿಕದ ಜನನ ದಾಖಲೆಗಳನ್ನು ನೋಡಿ 2017ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ ಹೌದು ಅನ್ನುವ ಕಡೆಗೆ ಬೊಟ್ಟು ಮಾಡುತ್ತದೆ. ಒಳಾಂಗಣ ನಿರ್ಬಂಧ ಬಂದ ಕಡೆಗಳಲ್ಲಿ ಗರ್ಭಿಣಿಯರ ಧೂಮಪಾನ ಇರಬೇಕಾದಷ್ಟು ಇಳಿಯಲಿಲ್ಲ, ವ್ಯತ್ಯಾಸ ನೂರರಲ್ಲಿ 2 ಮಂದಿಯಷ್ಟು. ಮಕ್ಕಳ ತೂಕ, ಆರೋಗ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದು ಅಧ್ಯಯನದಿಂದ ಎಲ್ಲ ತೀರ್ಮಾನ ಆಗುವುದಿಲ್ಲ, ಸರಿ. ಆದರೆ ನಿರ್ಬಂಧದಿಂದ ಯಾರಿಗೂ ಏನೂ ನಷ್ಟ ಇಲ್ಲ, ಸುಮ್ನೆ ಮುನ್ನೆಚ್ಚರಿಕೆ ಅನ್ನುವವರು ಇದನ್ನು ಓದಬೇಕು.

ಮಕ್ಕಳ ಮಾತು ಬಂದಾಗ

ನಿರ್ಬಂಧದ ಪರ ಇರುವವರ ನಿಜವಾದ ಭಯ ಮಕ್ಕಳದ್ದು. ಅದು ಸುಮ್ನೆ ಹುಟ್ಟಿದ ಭಯ ಅಲ್ಲ. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಹಿಂದಿನ 30 ದಿನಗಳಲ್ಲಿ ಇ-ಸಿಗರೇಟ್ ಬಳಸಿದ ಹೈಸ್ಕೂಲು ಮಕ್ಕಳು 2017ರಲ್ಲಿ ಶೇಕಡಾ 11.7 ಇದ್ದರು. 2019ರ ಹೊತ್ತಿಗೆ 27.5. ಎರಡೇ ವರ್ಷದಲ್ಲಿ ದುಪ್ಪಟ್ಟಿಗಿಂತ ಜಾಸ್ತಿ. ಯಾವ ತಂದೆತಾಯಿಗಾದರೂ ಎದೆ ಝಲ್ ಅನ್ನುವ ಅಂಕಿ. ನಿಕೋಟಿನ್ ಬೆಳೆಯುವ ಮೆದುಳಿಗೆ ಒಳ್ಳೆಯದಲ್ಲ, ಸಿಗರೇಟ್ ಮುಟ್ಟದವರು ಇದನ್ನು ಮುಟ್ಟಲು ಯಾವ ಕಾರಣವೂ ಇಲ್ಲ.

ಆದರೆ ಒಂದು ವಿಷಯ ಗಮನಿಸಿ. ಆ ಏರಿಕೆ ಆದದ್ದು ನ್ಯೂಯಾರ್ಕ್, ಶಿಕಾಗೋ, ಲಾಸ್ ಏಂಜಲೀಸ್‌ಗಳು ಸಾರ್ವಜನಿಕ ಬಳಕೆ ನಿರ್ಬಂಧಿಸಿ ಮೂರ್ನಾಲ್ಕು ವರ್ಷ ಆದ ಮೇಲೆ. ಮಕ್ಕಳು ಇದನ್ನು ಕಲಿತದ್ದು ಹೋಟೆಲಿನಲ್ಲಿ ಕೂತ ನಡುವಯಸ್ಸಿನವರನ್ನು ನೋಡಿ ಅಲ್ಲ. ಪೆನ್ ಡ್ರೈವ್ ಥರ ಕಾಣುವ ಪುಟ್ಟ ಸಾಧನ, ಹಣ್ಣಿನ ಪರಿಮಳ, ನಿಕೋಟಿನ್ ಗಂಟಲಿಗೆ ಉರಿಯದಂತೆ ಮಾಡುವ ಹೊಸ ಸೂತ್ರ, ಸಾಮಾಜಿಕ ಜಾಲತಾಣ, ಮತ್ತು ವಯಸ್ಸು ಕೇಳದೆ ಮಾರುವ ಅಂಗಡಿ. ಸೇದಿದ್ದು ಶಾಲೆಯ ಶೌಚಾಲಯದಲ್ಲಿ, ಆವಿಯನ್ನು ತೋಳಿನ ಬಟ್ಟೆಯೊಳಗೆ ಊದಿ. ಎಲ್ಲರ ಕಣ್ಣಿಗೆ ಬೀಳುವ ಬಳಕೆಯನ್ನು ತಡೆಯುವ ಕಾನೂನು ಮುಚ್ಚಿಟ್ಟುಕೊಂಡ ಬಳಕೆಯನ್ನು ಹೇಗೆ ತಡೆದೀತು?

2024ರಲ್ಲಿ ಅದೇ ಸಮೀಕ್ಷೆ ಮಾಧ್ಯಮಿಕ ಮತ್ತು ಹೈಸ್ಕೂಲು ಮಕ್ಕಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಶೇಕಡಾ 5.9 ಮಾತ್ರ ಬಳಸುತ್ತಿದ್ದರು. ನಡುವೆ ಕೊಳ್ಳುವ ವಯಸ್ಸು ದೇಶವಿಡೀ 21ಕ್ಕೆ ಏರಿತ್ತು, ಹಣ್ಣಿನ ಪರಿಮಳಗಳ ಮೇಲೆ ಬಿಗಿ ಬಂದಿತ್ತು, ಕಂಪನಿಗಳ ಮೇಲೆ ಮೊಕದ್ದಮೆಗಳು ಬಿದ್ದಿದ್ದವು. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದೂ ಸೇರಿತು. ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಶಾಲೆ ಮುಚ್ಚಿದ್ದನ್ನು ಬಿಟ್ಟರೆ ಇವೆಲ್ಲ ಮಾರುವ ಕಡೆ ಹಾಕಿದ ಕಡಿವಾಣ. ಪಾಲಿಕೆಗೆ ಮಕ್ಕಳ ಚಿಂತೆ ಇದ್ದರೆ ಕೈ ಹಾಕಬೇಕಾದ್ದು ಅಂಗಡಿಯ ಗಲ್ಲಾಪೆಟ್ಟಿಗೆಗೆ.

ಆಟದ ಮೈದಾನ, ಶಾಲೆಯ ಗೇಟು ಬೇರೆ. ಆ ಜಾಗ ಮಕ್ಕಳದ್ದು. ಅಲ್ಲಿ ದೊಡ್ಡವರು ಸೇದಬಾರದು ಅನ್ನುವುದಕ್ಕೆ ಆರೋಗ್ಯದ ಪುರಾವೆಯೂ ಬೇಕಿಲ್ಲ, ಮರ್ಯಾದೆ ಸಾಕು.

ದನಿ ಯಾರದು, ದುಡ್ಡು ಯಾರದು

ವಿರೋಧಿಸುವವರ ಸಾಲಿನಲ್ಲಿ ಕಂಪನಿಗಳೂ ನಿಂತಿವೆ. 2018ರ ಡಿಸೆಂಬರ್‌ನಲ್ಲಿ ಮಾರ್ಲ್‌ಬರೋ ಸಿಗರೇಟಿನ ಒಡೆಯ ಆಲ್ಟ್ರಿಯಾ, ಜೂಲ್ ಎಂಬ ಇ-ಸಿಗರೇಟ್ ಕಂಪನಿಯಲ್ಲಿ ಶೇಕಡಾ 35 ಪಾಲನ್ನು 1,280 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋ ನಗರ ಇ-ಸಿಗರೇಟ್ ಮಾರಾಟವನ್ನೇ ನಿಲ್ಲಿಸಿದಾಗ, ಅದನ್ನು ತಲೆಕೆಳಗು ಮಾಡಲು ಜೂಲ್ ಜನಮತದ ಪ್ರಸ್ತಾವಕ್ಕೆ ಹಣ ಸುರಿಯಿತು. ಕೊನೆಗೆ ಕಂಪನಿಯೇ ಹಿಂದೆ ಸರಿಯಿತು, ನೂರಕ್ಕೆ 80ಕ್ಕೂ ಹೆಚ್ಚು ಮತದಾರರು ಪ್ರಸ್ತಾವ ತಿರಸ್ಕರಿಸಿದರು.

ಇದರಿಂದ ಆದ ಕೆಟ್ಟ ಪರಿಣಾಮ ಏನೆಂದರೆ, ಚಟ ಬಿಟ್ಟ ಸಾಮಾನ್ಯ ಜನರ ಮಾತೂ ಕಂಪನಿಯ ಮಾತಿನಂತೆ ಕೇಳತೊಡಗಿತು. ಪಾಲಿಕೆ ಸಭೆಗೆ ಬಂದು, ನಾನು ಇದರಿಂದ ಬಿಟ್ಟೆ ಎಂದು ಹೇಳುವವರನ್ನು ಯಾರೋ ಕಳಿಸಿದವರು ಎಂದು ನೋಡುವುದು ರೂಢಿಯಾಯಿತು. ಅನುಮಾನ ಸಹಜ, ತಂಬಾಕು ಕಂಪನಿಗಳು ದಶಕಗಟ್ಟಲೆ ಸುಳ್ಳು ಹೇಳಿದವು. ಆದರೆ ಹೇಳಿದವರು ಯಾರು ಎಂಬುದರಿಂದ ರಕ್ತದಲ್ಲಿರುವ ಕೊಟಿನಿನ್ ಬದಲಾಗುವುದಿಲ್ಲ.

ವೇಲ್ಸ್‌ನಲ್ಲಿ ನಡೆದದ್ದು

ಈ ವಿಷಯಕ್ಕೆ ಪಟ್ಟು ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಭಾಗವಾದ ವೇಲ್ಸ್ ಒಳ್ಳೆಯ ಉದಾಹರಣೆ. ಅಲ್ಲಿನ ಸರ್ಕಾರ ಸಾರ್ವಜನಿಕ ಆರೋಗ್ಯ ಮಸೂದೆಯೊಂದನ್ನು ತಂದಿತು. ಹಚ್ಚೆ ಹಾಕುವವರಿಗೆ ಪರವಾನಗಿ, ಸಾರ್ವಜನಿಕ ಶೌಚಾಲಯಗಳ ಯೋಜನೆ, ಹೀಗೆ ಬೇಕಾದ ವಿಷಯಗಳು ಅದರಲ್ಲಿದ್ದವು. ಅದರ ಜೊತೆಗೆ ಮುಚ್ಚಿದ ಸಾರ್ವಜನಿಕ ಜಾಗಗಳಲ್ಲಿ ಇ-ಸಿಗರೇಟ್ ನಿಷೇಧವನ್ನೂ ಸೇರಿಸಿದರು. ವಿರೋಧ ಬಂತು. ನಿಷೇಧವನ್ನು ಸಡಿಲಿಸಿ ಶಾಲೆ, ಆಸ್ಪತ್ರೆ, ಊಟ ಬಡಿಸುವ ಜಾಗ ಮುಂತಾದ ಕಡೆಗೆ ಇಳಿಸಿದರು. 2016ರ ಮಾರ್ಚ್ 16ರಂದು ಮತಕ್ಕೆ ಹಾಕಿದಾಗ 26ಕ್ಕೆ 26 ಬಂತು. ಸಚಿವರೊಬ್ಬರ ಕೊಂಕು ಮಾತಿಗೆ ಸಿಟ್ಟಾದ ಪಕ್ಷವೊಂದು ಕೊನೇ ಗಳಿಗೆಯಲ್ಲಿ ಕೈಕೊಟ್ಟಿತ್ತು. ಬಹುಮತ ಸಿಗದೆ ಇಡೀ ಮಸೂದೆ ಬಿದ್ದುಹೋಯಿತು. ಹಚ್ಚೆಯ ಸುರಕ್ಷತೆಗೂ ಇ-ಸಿಗರೇಟಿಗೂ ಸಂಬಂಧವೇ ಇರಲಿಲ್ಲ. ಆದರೂ ಒಂದರ ಕಾಲಿಗೆ ಇನ್ನೊಂದನ್ನು ಕಟ್ಟಿದ್ದರಿಂದ ಎರಡೂ ಮುಳುಗಿದವು.

ಮತ್ತೆ ತಂದಾಗ ಇ-ಸಿಗರೇಟ್ ಭಾಗ ಕೈಬಿಟ್ಟರು. 2017ರಲ್ಲಿ ಅದು ಕಾಯ್ದೆಯಾಯಿತು. ಆಸ್ಪತ್ರೆ, ಶಾಲೆಗಳ ಆವರಣದಲ್ಲಿ, ಸಾರ್ವಜನಿಕ ಆಟದ ಮೈದಾನದಲ್ಲಿ ಸಿಗರೇಟ್ ನಿಲ್ಲಿಸಲು ಅದೇ ಕಾಯ್ದೆ ದಾರಿ ಮಾಡಿತು. ಸುಡುವ ತಂಬಾಕನ್ನು ಮಾತ್ರ ಗುರಿ ಮಾಡಿಕೊಂಡಾಗ ಹೆಚ್ಚು ಜಾಗಗಳು ಹೊಗೆಯಿಂದ ಮುಕ್ತವಾದವು.

ಎಲ್ಲ ಕಡೆ ಹರಡಿದರೆ ಮುಂದೇನು

ಸ್ಥಳೀಯ ನಿರ್ಬಂಧಗಳು ಹೀಗೇ ಹೆಚ್ಚುತ್ತಾ ಹೋದರೆ ಮೊದಲ ಪರಿಣಾಮ ಜನರ ತಲೆಯಲ್ಲಿ ಆಗುತ್ತದೆ. ಒಂದೇ ಬೋರ್ಡಿನಲ್ಲಿ ಎರಡು ಚಿತ್ರ, ಎರಡಕ್ಕೂ ಒಂದೇ ಕೆಂಪು ಗೆರೆ. ದಿನಾ ನೋಡುವವರಿಗೆ ಅದು ಹೇಳುವುದು ಎರಡೂ ಒಂದೇ ಅಂತ. 2019ರಲ್ಲಿ ಅಮೆರಿಕದಲ್ಲಿ ಶ್ವಾಸಕೋಶದ ಕಾಯಿಲೆಯೊಂದು ಹಬ್ಬಿ 68 ಜನ ಸತ್ತರು. ಅದಕ್ಕೆ ಮುಖ್ಯ ಕಾರಣ ಗಾಂಜಾ ಅಂಶದ ಕಳ್ಳ ದ್ರವಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ಇ-ಸಿಗರೇಟ್ ಕೊಲ್ಲುತ್ತದೆ ಎಂಬ ಸಾಲು. ಬ್ರಿಟನ್ನಿನ ಇತ್ತೀಚಿನ ಸಮೀಕ್ಷೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಯಸ್ಕರು ಇ-ಸಿಗರೇಟ್ ಸಿಗರೇಟಿನಷ್ಟೇ ಅಥವಾ ಅದಕ್ಕಿಂತ ಕೆಟ್ಟದ್ದು ಎಂದು ನಂಬಿದ್ದಾರೆ. ಹಾಗೆ ನಂಬಿದ ಸಿಗರೇಟ್ ಸೇದುಗ ಬದಲಾಗಲು ಕಾರಣವೇ ಇಲ್ಲ.

ಇ-ಸಿಗರೇಟಿನ ಹಾನಿ ಸಿಗರೇಟಿಗಿಂತ ಶೇಕಡಾ 95 ಕಡಿಮೆ ಎಂದು 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಹೇಳಿತ್ತು. ಆ ಅಂಕಿಗೆ ಆಧಾರ ಸಾಲದು ಎಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಟೀಕಿಸಿತು, ಟೀಕೆಯಲ್ಲಿ ಹುರುಳಿತ್ತು. ನಲವತ್ತು ವರ್ಷ ಇದನ್ನೇ ಸೇದಿದವರು ಇನ್ನೂ ಯಾರೂ ಇಲ್ಲ. ಆದರೆ ಅಂಕಿ 95 ಅಲ್ಲ ಅಂದಮಾತ್ರಕ್ಕೆ ಸೊನ್ನೆ ಆಗುವುದಿಲ್ಲ.

ಎರಡನೆಯದು ಜಾರಿಯ ಕಷ್ಟ. ಈ ಆವಿಗೆ ವಾಸನೆ ಕಡಿಮೆ, ಬೂದಿ ಇಲ್ಲ, ತುಂಡು ಇಲ್ಲ. ಸಾಧನ ಅಂಗೈಯಲ್ಲಿ ಅಡಗುತ್ತದೆ. ದಂಡ ಬೀಳುವುದು ಯಾರಿಗೆ? ಮುಚ್ಚಿಕೊಳ್ಳಲು ಬಾರದವರಿಗೆ, ಬೀದಿಯಲ್ಲಿ ಹೊತ್ತು ಕಳೆಯುವ ಬಡವರಿಗೆ, ಪೊಲೀಸರ ಕಣ್ಣು ಮೊದಲೇ ಇರುವ ಬಡಾವಣೆಗಳ ಹುಡುಗರಿಗೆ. ಜೊತೆಗೆ ಒಂದು ಪಾಲಿಕೆಯ ಗಡಿ ದಾಟಿದರೆ ನಿಯಮವೇ ಬೇರೆ.

ಇದಕ್ಕೆ ಬೇರೆ ದಾರಿ ಆಗಲೇ ಇದೆ. ಇಂಗ್ಲೆಂಡಿನ 2016ರ ಮಾರ್ಗಸೂಚಿ ಇಡೀ ದೇಶಕ್ಕೆ ಒಂದೇ ನಿಷೇಧ ಹಾಕಲಿಲ್ಲ. ಜಾಗ ನೋಡಿ, ಬರುವವರು ಯಾರು ನೋಡಿ, ಮಕ್ಕಳು, ಆಸ್ತಮಾ ಇರುವವರು ಇದ್ದಾರಾ ನೋಡಿ, ಆಮೇಲೆ ಜಾಗದ ಮಾಲೀಕರೇ ತೀರ್ಮಾನಿಸಿ ಅಂದಿತು. ಲಾಸ್ ಏಂಜಲೀಸ್ ಕೂಡ ನಿರ್ಬಂಧ ತರುವಾಗ ಇ-ಸಿಗರೇಟ್ ಅಂಗಡಿಗಳನ್ನು, ಅದನ್ನು ಕೂತು ಸೇದಲೆಂದೇ ಇರುವ ವೇಪಿಂಗ್ ಲೌಂಜ್‌ಗಳನ್ನು ಹೊರಗಿಟ್ಟಿತ್ತು. ಅಲ್ಲಿಗೆ ಹೋಗುವವರು ತಿಳಿದೇ ಹೋಗುತ್ತಾರೆ.

ಬರ್ಮಿಂಗ್‌ಹ್ಯಾಮ್ ಸುತ್ತಿನ ಎರಡು ಆಸ್ಪತ್ರೆಗಳು 2019ರ ಜುಲೈನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಆವರಣದಲ್ಲಿ ಸಿಗರೇಟ್ ಸೇದಿದರೆ ದಂಡ ಎಂದು ಬೋರ್ಡ್ ಹಾಕಿದವು. ಅದರ ಜೊತೆಗೇ ಆಸ್ಪತ್ರೆಯ ಒಳಗೆ ಇ-ಸಿಗರೇಟ್ ಅಂಗಡಿ ತೆರೆಯಲು ಜಾಗ ಕೊಟ್ಟವು, ಹೊರಾಂಗಣದಲ್ಲಿ ಸೇದಲು ಅನುಮತಿಯನ್ನೂ ಕೊಟ್ಟವು. ಗೇಟಿನ ಬಳಿ ಗೌನು ಹಾಕಿಕೊಂಡು, ಡ್ರಿಪ್ ಸ್ಟ್ಯಾಂಡ್ ಹಿಡಿದು ಸಿಗರೇಟ್ ಸೇದುವ ರೋಗಿಗೆ ಅಲ್ಲಿ ಎರಡು ಮಾತು ಒಟ್ಟಿಗೆ ಸಿಕ್ಕವು: ಇದನ್ನು ಆರಿಸಿ, ಬೇಕಾದರೆ ಅದನ್ನು ತಗೊಳ್ಳಿ. ಈಗ ಇಂಗ್ಲೆಂಡಿನಲ್ಲಿ ಹೊಸ ನಿಯಮ ಬರೆಯುವವರು ಆಸ್ಪತ್ರೆಯ ಆ ಅಂಗಳಕ್ಕೆ ಯಾವ ಬೋರ್ಡ್ ಹಾಕುತ್ತಾರೆ ಎಂಬುದನ್ನು ನೋಡಬೇಕು.